ಮಣಿಕಟ್ಟಿನ ಬಟ್ಟೆ

ಚಿಕ್ಕಮ್ಮನ ಕೋಣೆ
ಭಾನುವಾರ ಮಧ್ಯಾಹ್ನ

ಅಕ್ಕಾ,

ನನ್ನ ಕೋಳಿಕಾಲಿನ ಅಕ್ಷರ ನೋಡಿ ನಗಬೇಡ. ಐದನೇ ಕ್ಲಾಸು ಬಿಟ್ಟ ಮೇಲೆ ಈ ಕೈ ಹಿಡಿದದ್ದು ಉಜ್ಜುವ ಬ್ರಶ್ಶನ್ನೇ ಹೊರತು ಪೆನ್ನನ್ನಲ್ಲ. ಕಾಗುಣಿತ ತಪ್ಪಿದ್ದರೆ ಕ್ಷಮಿಸು. ಕಲಿಸಿದವಳು ನೀನೇ, ಅರ್ಧ ತಪ್ಪು ನಿನ್ನ ತಲೆಗೆ. ಎದುರು ನಿಂತು ಹೇಳೋಣವೆಂದರೆ ಅಷ್ಟರಲ್ಲಿ ನಿನ್ನ ಗೆಳತಿಯರು ಯಾರಾದರೂ ಬಂದುಬಿಡುತ್ತಾರೆ.

ಅಮ್ಮ ಹೋದಾಗ ನಿನ್ನನ್ನು ದೊಡ್ಡಮ್ಮ ಕರೆದುಕೊಂಡಳು, ನನ್ನನ್ನು ಚಿಕ್ಕಮ್ಮ. ನಿನಗೆ ಕಾಲೇಜು ಸಿಕ್ಕಿತು. ನಾನು ಚಿಕ್ಕಮ್ಮನ ಸೆರಗು ಹಿಡಿದು ಇಷ್ಟು ದೂರದ ದೇಶಕ್ಕೆ ಬಂದು ಈ ಹಾಸ್ಟೆಲ್ ಒರೆಸುವವಳಾದೆ. ಅದಕ್ಕೆ ನನಗೆ ಹೊಟ್ಟೆ ಉರಿದಿಲ್ಲ. ಉರಿದಾಗಲೂ ನಾನೇ ನೀರು ಹಾಕಿಕೊಂಡಿದ್ದೇನೆ. ವಿನಿಮಯದ ವಿದ್ಯಾರ್ಥಿಯಾಗಿ ಆರು ತಿಂಗಳು ನೀನು ಇಲ್ಲಿಗೇ ಬರುತ್ತೀ ಎಂದು ಗೊತ್ತಾದಾಗ, ಅಷ್ಟು ದೇಶಗಳಿರುವಾಗ ಇದನ್ನೇ ಆರಿಸಿಕೊಂಡದ್ದು ನನಗೋಸ್ಕರ ಅಂದುಕೊಂಡೆ. ಯಾರಿಗೂ ಹೇಳದೆ ನಿನ್ನ ಕಿಟಕಿಯನ್ನು ಎರಡೆರಡು ಸಲ ಒರೆಸಿದೆ.

ನೀನು ಬಂದ ದಿನ ಬಕೆಟ್ ಕೆಳಗಿಟ್ಟು ಓಡಿ ಬಂದೆ. ನಿನ್ನ ಪಕ್ಕ ಇಬ್ಬರು ಹುಡುಗಿಯರಿದ್ದರು. ನೀನು ನಕ್ಕು, ಇವಳು ನಮ್ಮ ಕಡೆಯವಳು ಎಂದು ಅವರ ಭಾಷೆಯಲ್ಲಿ ಹೇಳಿದೆ. ಆ ಭಾಷೆ ನನಗೆ ಓದಲು ಬರುವುದಿಲ್ಲ, ಆದರೆ ಕೇಳಿದರೆ ತಿಳಿಯುತ್ತದೆ ಅಕ್ಕಾ.

ಆಮೇಲೆ ಚಾದರಗಳನ್ನು ಇಡುವ ಕೋಣೆಗೆ ನೀನೊಬ್ಬಳೇ ಬರತೊಡಗಿದೆ. ಒಂದೇ ಪೊಟ್ಟಣದಿಂದ ಬಿಸ್ಕತ್ತು ತಿನ್ನುತ್ತಾ, ಫೋನನ್ನು ನಡುವೆ ಇಟ್ಟು, "ಹೇಳೇ, ಆಮೇಲೆ?" ಅನ್ನುತ್ತಿದ್ದೆ. ನನ್ನ ಹುಟ್ಟಿನಲ್ಲೇ ನಾನು ಅಷ್ಟು ಮಾತಾಡಿರಲಿಲ್ಲ. ಕೆಲಸದ ನಡುವೆ ನಾವು ಹೆಂಗಸರು ಅದೇ ಚಾದರದ ರಾಶಿಯ ಮೇಲೆ ಕದ್ದು ಮಲಗುವುದನ್ನೂ ಹೇಳಿದೆ. ಸೊಂಟಕ್ಕೆ ಬೀಗದ ಕೈಗಳ ಗೊಂಚಲು ಕಟ್ಟಿಕೊಂಡು ಓಡಾಡುವ ಮೇಲ್ವಿಚಾರಕಿಗೆ ನಾವು ಗೊಂಚಲಮ್ಮ ಅನ್ನುತ್ತೇವೆ, ಬೆಕ್ಕೇ ತನ್ನ ಕೊರಳಿಗೆ ಗಂಟೆ ಕಟ್ಟಿಕೊಂಡರೆ ಇಲಿಗಳಿಗೇನು ಭಯ ಅಂದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ ನೀನು. ಅಕ್ಕ ತಂಗಿ ಮಾತಾಡುತ್ತಿದ್ದೇವೆ ಅಂದುಕೊಂಡಿದ್ದೆ.

ಎತ್ತರದ ಗಾಜು ಉಜ್ಜುವಾಗ ನೀರು ತೋಳಿಗೆ ಇಳಿಯದಂತೆ ಮಣಿಕಟ್ಟಿಗೆ ಹಳೇ ಬಟ್ಟೆ ಸುತ್ತಿಕೊಳ್ಳುತ್ತೇನಲ್ಲ, ಅಮ್ಮ ಸುತ್ತಿಕೊಳ್ಳುತ್ತಿದ್ದ ಹಾಗೆ. ಫೋಟೋ ತೆಗೆಯುವಾಗ ಬಿಚ್ಚಲು ಹೋದೆ. "ಇರ್ಲಿ ಬಿಡೇ, ಚೆನ್ನಾಗಿ ಕಾಣುತ್ತೆ" ಅಂದೆ ನೀನು. ನನ್ನ ಮುಖ ಬೇಡ, ಕೈ ಸಾಕು ಎಂದೂ ನೀನೇ ಅಂದೆ.

ಊಟದ ಕೋಣೆಯ ಬಾಗಿಲಲ್ಲಿ, ಹಾಸ್ಟೆಲಿನ ಕೆಲಸದ ಹೆಂಗಸರ ಬಗ್ಗೆ ನೀನು ಕಾಲೇಜಿಗೆಂದು ಮಾಡಿದ ಅಧ್ಯಯನದ ಹಲಗೆಗೆ ಗಾಜು ಹಾಕಿ ತೂಗುಹಾಕಿದರು. ಅದರಲ್ಲಿ ನನ್ನ ಕೈ ದೊಡ್ಡದಾಗಿತ್ತು. ಸುತ್ತ ಏನು ಬರೆದಿದೆಯೋ ತಿಳಿಯದೆ, ಬೇರೆ ಗಾಜುಗಳಿಗಿಂತ ಅದನ್ನೇ ಹೆಚ್ಚು ಹೊಳೆಯುವಂತೆ ಒರೆಸುತ್ತಿದ್ದೆ. ಗುರುವಾರ ಗೊಂಚಲಮ್ಮ ನನ್ನನ್ನು ಅಲ್ಲಿಗೇ ಕರೆದು, ಸಾಲಿನ ಕೆಳಗೆ ಬೆರಳಿಟ್ಟು ಓದಿ ಹೇಳಿದಳು. ಚಾದರದ ನಿದ್ದೆ ಇತ್ತು. ಬೆಕ್ಕು, ಗಂಟೆ ಎರಡೂ ಇದ್ದವು. ಯಾರು ಹೇಳಿದ್ದೋ ನನಗೆ ಗೊತ್ತಿಲ್ಲ ಅಂದೆ. ಅವಳು ನನ್ನ ಮಣಿಕಟ್ಟನ್ನು ಎತ್ತಿ ಗಾಜಿನ ಪಕ್ಕ ಹಿಡಿದಳು. ಈ ಕಟ್ಟಡದಲ್ಲಿ ಹಾಗೆ ಬಟ್ಟೆ ಸುತ್ತುವವಳು ನಾನೊಬ್ಬಳೇ.

ಭಾನುವಾರದವರೆಗೆ ಬಾ, ಆಮೇಲೆ ಬೇಡ ಅಂದಳು. ಚಾದರದ ಕೋಣೆಗೂ ಬೀಗ ಬಿತ್ತು. ಜೊತೆಯ ಹೆಂಗಸರು ನನ್ನ ಕಂಡರೆ ಮಾತು ನಿಲ್ಲಿಸುತ್ತಾರೆ. "ಊರಿಗೆ ಉಪಕಾರಿ, ಮನೆಗೆ ಮಾರಿ ಅಂದ್ರೆ ನಿನ್ನ ಅಕ್ಕನೇ ಕಣೇ" ಅಂದಳು ಚಿಕ್ಕಮ್ಮ. ಆಗಲೂ ನಿನ್ನ ಪರವಾಗಿ ಜಗಳವಾಡಿದೆ.

ಜಗಳವಾಡಿ, ಆ ಗುರುವಾರವೇ ನಿನ್ನ ಬಾಗಿಲಿಗೆ ಬಂದೆ. ಒಂದೇ ಒಂದು ಮಾತು ಕೇಳಿದೆ: ಇವಳು ನನ್ನ ತಂಗಿ, ನಾನೇ ಮಾತಾಡಿಸಿದ್ದು, ಇವಳದೇನೂ ತಪ್ಪಿಲ್ಲ ಎಂದು ಗೊಂಚಲಮ್ಮನಿಗೆ ಹೇಳು. "ನಿನ್ನ ಹೆಸರು ಎಲ್ಲೂ ಹಾಕಿಲ್ವಲ್ಲೇ" ಅಂದೆ ನೀನು. ಆಮೇಲೆ ದನಿ ತಗ್ಗಿಸಿ, "ಸೋಮವಾರ ಪ್ರೊಫೆಸರ್ ಬಂದು ನೋಡಿ, ಪ್ರಶ್ನೆ ಕೇಳಿ ಮಾರ್ಕ್ಸ್ ಹಾಕ್ತಾರೆ. ಸ್ವಂತ ತಂಗಿಯನ್ನೇ ಕೇಳಿ ಬರೆದಿದ್ದು ಅಂದ್ರೆ ಒಪ್ಪಲ್ಲ ಕಣೇ. ಅದು ಮುಗೀಲಿ" ಅಂದೆ. ಆಚೆ ಯಾರೋ ನಡೆದು ಬಂದರು. ನೀನು ಅವರ ಭಾಷೆಯಲ್ಲಿ ನನಗೆ ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿಕೊಂಡೆ.

ಹೆದರಬೇಡ ಅಕ್ಕಾ, ನಾನು ಯಾರಿಗೂ ಹೇಳುವುದಿಲ್ಲ. ನಾಳೆ ಚೆನ್ನಾಗಿ ಮಾಡು. ಮುಗಿದ ಮೇಲೆ ಗೊಂಚಲಮ್ಮನ ಹತ್ತಿರ ಹೋಗುವುದೂ ಬೇಡ, ಇಲ್ಲಿಗೆ ಬರುವುದೂ ಬೇಡ. ತಂಗಿ ಎಂಬ ಮಾತು ಗುರುವಾರ ಬೇಕಾಗಿತ್ತು. ಮಂಗಳವಾರಕ್ಕೆ ನನಗೆ ಅದರಿಂದ ಏನೂ ಆಗಬೇಕಾಗಿಲ್ಲ.

ಇಂತಿ,
ನಿಮ್ಮ ಕಡೆಯವಳು

ತಾ.ಕ.: ವಿದ್ಯಾರ್ಥಿಗಳ ಪಾತ್ರೆ ನಾವು ಮುಟ್ಟಬಾರದು, ಅವರವರೇ ತೊಳೆದುಕೊಳ್ಳಬೇಕು ಎಂಬುದು ಹಾಸ್ಟೆಲಿನ ನಿಯಮ. ಆದರೂ ನೀನು ದಿನಾ ತಳ ಹಿಡಿಸಿ ಓಡುವ ಹಾಲಿನ ಪಾತ್ರೆಯನ್ನು ನೀನು ಬಂದಾಗಿನಿಂದ ನಾನೇ ಉಜ್ಜಿ ಬೋರಲು ಹಾಕುತ್ತಿದ್ದೆ. ನೀನು ಗಮನಿಸಿರಲಿಕ್ಕಿಲ್ಲ. ಇವತ್ತು ಬೆಳಿಗ್ಗೆಯೂ ಅದು ಸಿಂಕಿನಲ್ಲಿತ್ತು, ತಳ ಕರಿಕಾಗಿತ್ತು. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡೆ, ಮತ್ತೆ ಬಿಚ್ಚಿದೆ. ಪಾತ್ರೆಗೆ ನೀರು ಹಾಕಿ ನೆನೆಯಲು ಬಿಟ್ಟು ಬಂದಿದ್ದೇನೆ.