ಹಿಂದಿನ ಸೀಟು

ಕಂಪ್ಲಿ,
20 ಜನವರಿ 2025, ಸೋಮವಾರ

ಪ್ರೀತಿಯ ಮಗಳು ಪಂಪಾ,

ಅಪ್ಪನ ಆಶೀರ್ವಾದ ಮೊದಲು, ಸುದ್ದಿ ಆಮೇಲೆ. ಹೇಗಿದ್ದೀಯ? ಮೈಸೂರಿನ ಚಳಿ ನಿನ್ನ ಎಡಗಾಲಿಗೆ ಆಗಿಬರುವುದಿಲ್ಲ ಎಂದು ನಿನ್ನವ್ವ ದಿನಕ್ಕೆ ಮೂರು ಸಲವಾದರೂ ಹೇಳುತ್ತಾಳೆ. ಮಲಗುವ ಮುಂಚೆ ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚುವುದನ್ನು ಬಿಟ್ಟಿಲ್ಲ ತಾನೆ? ಕಾಲಿಗೆ ಕಟ್ಟುವ ಕ್ಯಾಲಿಪರ್ ಉಜ್ಜಿ ತೊಡೆಯ ಹತ್ತಿರ ಗಾಯವಾಗಿತ್ತಲ್ಲ, ಅದು ಮಾಯಿತೇ? ಹಾಸ್ಟೆಲಿನಲ್ಲಿ ರೊಟ್ಟಿ ಸಿಗುವುದಿಲ್ಲ ಎಂದು ಬರೆದಿದ್ದೆ, ಇನ್ನು ಹತ್ತು ದಿನ ತಾಳಿಕೋ, ನಿನ್ನವ್ವ ಈಗಲೇ ಜೋಳ ಬೀಸಿಸಿ ಇಟ್ಟಿದ್ದಾಳೆ. ನಾವಿಬ್ಬರೂ ಆರಾಮ. ಅವಳಿಗೆ ಕೆಮ್ಮು ಇತ್ತು, ಈಗಿಲ್ಲ. ನನ್ನ ಕಿವಿ ಮೊದಲಿನ ಹಾಗೇ ಇದೆ. ಮೂವತ್ತೆರಡು ವರ್ಷ ಯಶವಂತನಗರದ ಗಣಿ ವರ್ಕ್‌ಶಾಪಿನಲ್ಲಿ ಡಂಪರುಗಳ ಪಕ್ಕ ನಿಂತು ಕೆಡಿಸಿಕೊಂಡ ಕಿವಿ ಈಗ ಸರಿಹೋಗುತ್ತದೆಯೇ. ಫೋನಿನಲ್ಲಿ ನೀನು ಹೇಳುವುದರಲ್ಲಿ ಅರ್ಧ ನನಗೆ ಕೇಳಿಸುವುದಿಲ್ಲ, ಉಳಿದರ್ಧ ಕೇಳಿಸುವ ಮೊದಲೇ ನಿನ್ನವ್ವ ಫೋನು ಕಿತ್ತುಕೊಳ್ಳುತ್ತಾಳೆ. ಅದಕ್ಕೇ ಈ ಪತ್ರ. ಅದೂ ಅಲ್ಲದೆ ಅಂಚೆ ಕಚೇರಿಯಲ್ಲಿ ಕೂರಲಿರುವ ಮಗಳಿಗೆ ಹೆತ್ತಪ್ಪನೇ ಒಂದು ಪತ್ರ ಹಾಕದಿದ್ದರೆ ಇನ್ಯಾರು ಹಾಕಬೇಕು? ನಿನ್ನ ನೌಕರಿ ಚೆನ್ನಾಗಿ ನಡೆಯಲಿ ಎಂದು ಒಂದು ಕವರು ಕೊಂಡಿದ್ದೇನೆ.

ಈಚೆಗೆ ಮಧ್ಯಾಹ್ನ ಉಂಡು ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಅಡ್ಡಾದರೆ ಸಾಕು, ಒಂದೇ ಕನಸು ಬೀಳುತ್ತಿದೆ. ಕಾಲುವೆ ದಂಡೆಯ ಮೇಲೆ ಮೂರು ಗಾಲಿಯ ಬಂಡಿಯೊಂದು ಹೋಗುತ್ತಿರುತ್ತದೆ. ಎರಡೂ ಕಡೆ ಈಗಷ್ಟೇ ನಾಟಿ ಮಾಡಿದ ಗದ್ದೆ. ಗದ್ದೆಯಲ್ಲಿ ನೀರು ನಿಂತು ಆಕಾಶ ಮೇಲೂ ಇದೆ, ಕೆಳಗೂ ಇದೆ. ಬೆಳ್ಳಕ್ಕಿಗಳು ಬಂಡಿ ಹತ್ತಿರ ಬಂದರೂ ಹಾರುವುದಿಲ್ಲ. ನಾನು ಹಿಂದೆ ಹಿಂದೆ ನಡೆಯುತ್ತಿರುತ್ತೇನೆ, ಎಷ್ಟು ನಡೆದರೂ ನಡುವಿನ ದೂರ ಅಷ್ಟೇ ಉಳಿಯುತ್ತದೆ. ಕನಸಿನಲ್ಲಿ ನನಗೆ ಕಿವಿ ಮಸ್ತ್ ಕೇಳಿಸುತ್ತದೆ ಕಣೇ. ನೀರು ಹರಿಯುವುದು, ಇಂಜಿನ್ನಿನ ಸದ್ದು, ಬಂಡಿಯ ಮೇಲೆ ಕೂತವರು ಮೆಲ್ಲಗೆ ಏನನ್ನೋ ಗುನುಗುವುದು, ಎಲ್ಲ. ಯಾರು ಗುನುಗುತ್ತಿದ್ದಾರೆ ಎಂದು ನೋಡಬೇಕು ಅನ್ನುವಷ್ಟರಲ್ಲಿ ನಿನ್ನವ್ವ ಚಹಾ ತಂದು ಎಬ್ಬಿಸುತ್ತಾಳೆ.

ಈ ಕನಸಿಗೆ ಕಾರಣ ನೀನೇ. ಮೈಸೂರಿಗೆ ತರಬೇತಿಗೆ ಹೋಗುವ ದಿನ ಬಸ್‌ಸ್ಟ್ಯಾಂಡಿನಲ್ಲಿ ನೀನು ನನ್ನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದ್ದೆಯಲ್ಲ, "ಅಪ್ಪಾ, ನಾ ಬರೋದ್ರೊಳಗ ಒಂದು ಚಲೋ ಬಂಡಿ ನೋಡಿಡು. ಹಳೇದಾದ್ರೂ ಅಡ್ಡಿಯಿಲ್ಲ, ನಡುದಾರ್ಯಾಗ ಕೈ ಕೊಡಬಾರ್ದು, ಅಷ್ಟ." ಅಷ್ಟೇ ಎಂದೆ ನೀನು. ಅದು ಎಷ್ಟು ದೊಡ್ಡ ಮಾತು ಎಂದು ಮೆಕ್ಯಾನಿಕ್ಕಿಗೆ ಗೊತ್ತು. ಫೆಬ್ರವರಿ ಮೂರನೇ ತಾರೀಖು ಬೆಳಿಗ್ಗೆ ಒಂಬತ್ತು ಗಂಟೆಗೆ ನೀನು ದರೋಜಿಯ ಅಂಚೆ ಕಚೇರಿಯಲ್ಲಿರಬೇಕು. ಬಸ್ಸಿನ ಹೊತ್ತು ನಿನ್ನ ಹೊತ್ತಿಗೆ ಕೂಡುವುದಿಲ್ಲ, ಕೂಡಿದರೂ ಅದರ ಮೆಟ್ಟಿಲು ನಿನ್ನ ಸೊಂಟಕ್ಕೆ ಬರುತ್ತದೆ. ಹೊಸ ಬಂಡಿಗೆ ಬರೆಸಿದರೆ ಬರುವುದಕ್ಕೆ ತಿಂಗಳುಗಳು ಬೇಕು. ದಾರಿಯಲ್ಲಿ ಮೆಟ್ರಿ ಊರು ದಾಟಿದ ಮೇಲೆ ಎಷ್ಟೋ ದೂರ ಒಂದು ಅಂಗಡಿಯೂ ಇಲ್ಲ, ಮುಂದೆ ಕರಡಿಗಳಿರುವ ಗುಡ್ಡ. ಅಲ್ಲಿ ಬಂಡಿ ನಿಂತರೆ ನೀನು ಇಳಿದು ತಳ್ಳುವ ಹಾಗಿಲ್ಲ. ಬೇರೆಯವರಿಗೆ ಬಂಡಿ ಕೆಟ್ಟರೆ ಕೆಲಸ ಕೆಡುತ್ತದೆ, ನಿನಗೆ ದಾರಿಯೇ ಮುಗಿಯುತ್ತದೆ. ಇದನ್ನು ತಲೆಯಲ್ಲಿಟ್ಟುಕೊಂಡೇ ಹುಡುಕಲು ಹೊರಟೆ ಎಂದು ನಾನು ತಿಳಿದುಕೊಂಡಿದ್ದೆ.

ಮೊದಲು ಹೊಸಪೇಟೆಗೆ ಹೋದೆ. ಹಳೇ ಬಂಡಿ ಮಾರುವ ಪರಶುರಾಮ್ ಎನ್ನುವವನ ಹತ್ತಿರ ಮೂರು ಇದ್ದವು. ಸ್ಕೂಟರಿನ ಎರಡೂ ಪಕ್ಕಕ್ಕೆ ಎರಡು ಪುಟ್ಟ ಗಾಲಿ ಕಟ್ಟಿ ಅದನ್ನೇ ಮೂರು ಗಾಲಿ ಎನ್ನುತ್ತಾನೆ ಪುಣ್ಯಾತ್ಮ, ಎಣಿಸಿದರೆ ನಾಲ್ಕು. ಒಳ್ಳೆಯ ರಸ್ತೆಯಲ್ಲಿ ಅದೂ ನಡೆದೀತು. ಟ್ರಾಕ್ಟರುಗಳು ತುಳಿದ ನಮ್ಮ ರಸ್ತೆಯಲ್ಲಿ ನಡುವಿನ ಗಾಲಿ ಗುಂಡಿಯ ಮೇಲೆ ಬಂದಾಗ ಪಕ್ಕದವೆರಡು ದಿಬ್ಬದ ಮೇಲೆ ಕೂತುಬಿಡುತ್ತವೆ, ನಡುವಿನದು ಗಾಳಿಯಲ್ಲೇ ಗಿರಗಿರ ತಿರುಗುತ್ತದೆ, ಬಂಡಿ ಮಾತ್ರ ಇದ್ದಲ್ಲೇ. ಮುಂದೆ ಒಂದು, ಹಿಂದೆ ಆಕ್ಸೆಲ್ ಕೂರಿಸಿ ಎರಡು, ಅಂಥದ್ದೇ ನಿನಗೆ ಬೇಕು. ಅಂಥದ್ದೂ ಒಂದಿತ್ತು. ಹೊಸಪೇಟೆ ಬಿಟ್ಟು ಹೊರಗೆ ಹೋಗಿಲ್ಲ ಎಂದು ಪರಶುರಾಮ್ ಆಣೆ ಮಾಡಿದ. ಬಂಡಿ ಎಲ್ಲಿ ಬಾಳಿದೆ ಎಂದು ನಾನು ಮಾರುವವರನ್ನು ಕೇಳುವುದಿಲ್ಲ, ಏರ್ ಫಿಲ್ಟರ್ ಬಿಚ್ಚಿ ಧೂಳನ್ನು ಕೇಳುತ್ತೇನೆ. ಕೆಂಪಾದರೆ ಸಂಡೂರಿನ ಗಣಿ, ಕಪ್ಪಾದರೆ ನಮ್ಮ ಎರೆಮಣ್ಣು, ಹರಳು ಹರಳಾದರೆ ಹಂಪಿ ಕಡೆಯ ಕಲ್ಲು. ಮೈಯೆಲ್ಲ ಸೀಮೆಎಣ್ಣೆ ಹಾಕಿ ತೊಳೆದಿದ್ದರೂ ಅದರ ಫಿಲ್ಟರಿನೊಳಗೆ ಕುಂಕುಮದಂಥ ಧೂಳು ಕೂತಿತ್ತು. ಆರ್‌ಸಿಯಲ್ಲಿ ಅಂಗವಿಕಲರ ವಾಹನವೆಂದು ಬರೆಸಿಯೂ ಇರಲಿಲ್ಲ. ಪೇಪರು ಯಾರು ಕೇಳುತ್ತಾರೆ ಎಂದ ಅವನು. ನಾನು ಕೇಳುತ್ತೇನೆ ಎಂದು ಎದ್ದು ಬಂದೆ.

ಹಂಪಿಯಲ್ಲಿ ರಾಯಣ್ಣ ಎಂಬುವನ ಬಂಡಿ ಇದೆ ಎಂದು ಯಾರೋ ಹೇಳಿದರು. ಅವನೂ ನಿನ್ನ ಹಾಗೆಯೇ, ಒಂದು ಕಾಲು ಬಲವಿಲ್ಲ, ಬಂಡಿಯ ಮೇಲೆಯೇ ಕೂತು ಟೂರಿಸ್ಟರಿಗೆ ನಕಾಶೆ, ಟೊಪ್ಪಿಗೆ ಮಾರುತ್ತಾನೆ. ಒಳ್ಳೆಯ ಮನುಷ್ಯ, ಚಾಸಿ ಬಾಗಿದೆ ಎಂದು ತಾನೇ ಹೇಳಿದ. ಆದ್ದರಿಂದ ಅಲ್ಲಿ ಐದು ನಿಮಿಷದ ಕೆಲಸ. ಆದರೆ ನಾನು ಎರಡು ತಾಸು ಹೊಳೆಯ ದಂಡೆಯಲ್ಲಿ ಬಂಡೆಯ ಮೇಲೆ ಕೂತುಬಿಟ್ಟೆ. ಹರಿಗೋಲು ಆ ದಡಕ್ಕೆ ಹೋಯಿತು, ಬಂತು, ಮತ್ತೆ ಹೋಯಿತು. ಬಂಡೆ ಬೆಚ್ಚಗಿತ್ತು. ಚಿಕ್ಕವಳಿದ್ದ ನಿನ್ನನ್ನು ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಅಲ್ಲಿಗೆ ಕರೆದೊಯ್ದದ್ದು ನೆನಪಾಯಿತು. ದಾರಿಯುದ್ದಕ್ಕೂ ಹಾರ್ನ್ ನಿನ್ನ ಕೈಯಲ್ಲೇ. ಶಾಲೆಗೆ ಸೇರಿದ ಮೇಲೆ ನೀನು ಹಿಂದಿನ ಸೀಟಿಗೆ ಹೋದೆ. ನನಗೆ ಕೇಳಿಸುವುದಿಲ್ಲವೆಂದು ನೀನೇ ಒಂದು ಕಟ್ಟಳೆ ಮಾಡಿದೆ, ಬೆನ್ನಿಗೆ ಒಂದು ಸಲ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸು. ಶಾಲೆ, ಕಾಲೇಜು, ಪರೀಕ್ಷೆ, ಎಲ್ಲ ಕಡೆಗೂ ಹಾಗೆಯೇ ಹೋಗಿ ಬಂದೆವು. ಮುಖ ನೋಡದೆ, ಮಾತಾಡದೆ ಇಪ್ಪತ್ತು ವರ್ಷ ನಾವಿಬ್ಬರೂ ಎಷ್ಟು ಮಾತಾಡಿದ್ದೇವೆ ನೋಡು ಎಂದು ಅಲ್ಲಿ ಕೂತು ಅಂದುಕೊಂಡೆ.

ಸಂಡೂರಿನಲ್ಲಿ ಗಾಯತ್ರಿ ಎಂಬ ಹೆಣ್ಣುಮಗಳ ಟೈಲರಿಂಗ್ ಅಂಗಡಿ ಇದೆ. ಅವಳಿಗೂ ಚಿಕ್ಕಂದಿನಿಂದ ಎರಡೂ ಕಾಲಿಗೆ ಶಕ್ತಿಯಿಲ್ಲ. ಎಂಟು ವರ್ಷ ಯಶವಂತನಗರದಿಂದ ಅಂಗಡಿಗೆ ದಿನಾ ಒಬ್ಬಳೇ ಓಡಿಸಿದ ಬಂಡಿ, ಈಗ ಅವಳಿಗೆ ಬ್ಯಾಟರಿಯದು ಬಂದಿದೆ. ಪಕ್ಕದಲ್ಲಿ ಕೂತು ಒಂದೊಂದೇ ಭಾಗ ನೋಡಿದೆ. ಆಕ್ಸೆಲ್ ನೇರ, ಟೈರುಗಳು ಮೂರೂ ಸಮ ಸವೆದಿವೆ, ಆರ್‌ಸಿ ಸರಿಯಾಗಿದೆ. ಊರುಗೋಲು ಇಡಲು ಪಕ್ಕದಲ್ಲಿ ಒಂದು ಪೈಪು ಕಟ್ಟಿ, ಸದ್ದಾಗದಿರಲೆಂದು ಒಳಗೆ ಸೈಕಲ್ ಟ್ಯೂಬು ಸುತ್ತಿದ್ದಾಳೆ. ಕೆಂಪು ಧೂಳೇನೋ ಇತ್ತು, ಆದರೆ ಫಿಲ್ಟರನ್ನು ತಿಂಗಳಿಗೊಮ್ಮೆ ಬಿಚ್ಚಿ ಒರೆಸುವವರ ಬಂಡಿಯಲ್ಲಿ ಇರುವಷ್ಟೇ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಇಟ್ಟುಕೊಂಡೆ. ಮನುಷ್ಯರ ಮಾತು ಕೇಳಿಸದ ನನಗೆ ಹೀಗೆ ಇಂಜಿನ್ನಿನ ಮಾತು ಕೇಳಿಸುತ್ತದೆ, ನಿನಗೆ ಗೊತ್ತೇ ಇದೆ. ಹದವಾದ ಉರಿಯ ಮೇಲೆ ಅನ್ನ ಕುದಿಯುವ ಹಾಗೆ ಒಂದೇ ಸಮನೆ ಇತ್ತು. ಕಣ್ಣು ಮುಚ್ಚಿ ಕೇಳುತ್ತಲೇ ಇದ್ದೆ. ಕಣ್ಣು ತೆರೆದು ನಾನು ಹೇಳಿದ್ದೇನು ಗೊತ್ತೇ? ಒಳಗೆ ಬೇರಿಂಗಿನ ಸದ್ದು ಇದೆ, ಈ ಬಂಡಿ ಬೇಡ.

ಸುಳ್ಳು ಹೇಳಿದೆ, ಪಂಪಾ. ಅವಳು ನನ್ನ ಮುಖವನ್ನೇ ನೋಡಿದಳು. ಬಸ್ಸಿನಲ್ಲಿ ಬರುವಾಗ ಕೆಂಪು ಧೂಳು ಒಳ್ಳೆಯದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮನೆಗೆ ಬಂದು ನಿನ್ನವ್ವನಿಗೂ ಹಾಗೆಯೇ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಮೊರ ಕೆಳಗಿಟ್ಟು, ನನಗೆ ಕೇಳಿಸಲೆಂದು ಎದ್ದು ಹತ್ತಿರ ಬಂದು ಹೇಳಿದಳು. "ಐದು ಬಂಡಿ ನೋಡೀರಿ, ಐದೂ ಬ್ಯಾಡ ಅಂದ್ರಿ. ಹಂಗಾದ್ರ ನಿಮ್ಮ ಹಳೇ ಬೈಕಿನ ಹಿಂದಿನ ಸೀಟಿಗೆ ಹೊಸಾ ರೆಗ್ಜಿನ್ ಯಾಕ ಹಾಕ್ಸೀರಿ?"

ಹೌದು, ಹಾಕಿಸಿದ್ದೆ, ನೀನು ಹೋದ ಮರುವಾರವೇ. ಒಳಗೆ ದಪ್ಪ ಸ್ಪಂಜು, ನಿನ್ನ ಎಡಗಾಲಿಗೆ ಅಗಲವಾದ ಕಾಲುಗಂಬಿ, ಎರಡು ಹೊಸ ಟೈರು. ಸಿಕ್ಕರೆ ಸಿಗಲಿ, ಸಿಗದಿದ್ದರೆ ನಾನಿದ್ದೇನಲ್ಲ, ಬೆಳಿಗ್ಗೆ ದರೋಜಿಗೆ ಬಿಟ್ಟು ಸಂಜೆ ಕರೆತಂದರಾಯಿತು ಎಂದು ಒಳಗೊಳಗೇ ಅಂದುಕೊಂಡಿದ್ದೆ. ಅರವತ್ಮೂರಾಯಿತು, ಹಿಂದಿನಿಂದ ಬರುವ ಲಾರಿಯ ಹಾರ್ನ್ ಕೇಳಿಸುವುದಿಲ್ಲ, ಆದರೂ. ಬಂಡಿ ನಡುದಾರಿಯಲ್ಲಿ ಕೈ ಕೊಡುತ್ತದೆಂಬ ಹೆದರಿಕೆ ನನಗೆ ಇರಲಿಲ್ಲ. ಕೈ ಕೊಡದ ಬಂಡಿ ಸಿಕ್ಕಿಬಿಟ್ಟರೆ ನನ್ನ ಬೆನ್ನನ್ನು ತಟ್ಟುವವರು ಯಾರು ಎಂಬುದೇ ಹೆದರಿಕೆ. ಈ ಮಾತನ್ನು ಫೋನಿನಲ್ಲಿ ಹೇಳಲು ಆಗುತ್ತಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಸಂಡೂರಿಗೆ ಹೋದೆ. ಬೆಳಿಗ್ಗೆಯೇ ಹೋದದ್ದಕ್ಕೆ ಇನ್ನೊಂದು ಕಾರಣವಿದೆ. ನಿನಗೆ ಕಿಕ್ ಹೊಡೆಯಲು ಆಗದು, ಚಳಿಯಲ್ಲಿ ನಿಂತ ಬಂಡಿ ಬರೀ ಬಟನ್ನಿಗೆ ಏಳುತ್ತದೆಯೇ ಎಂದು ನೋಡಬೇಕಿತ್ತು. ಅಂಗಡಿಯ ಅಂಗಳದಲ್ಲಿ ಬಂಡಿ ಇನ್ನೂ ಇತ್ತು. ಇಂಜಿನ್ನಿನ ಮೇಲೆ ಅಂಗೈ ಇಟ್ಟೆ, ತಣ್ಣಗಿತ್ತು. ಒಂದೇ ಸಲಕ್ಕೆ ಎದ್ದಿತು. ನಿನ್ನೆ ಹೇಳಿದ ಬೇರಿಂಗಿನ ಸದ್ದು ನಿಜವಲ್ಲ ಎಂದು ಹೇಳಲು ಬಾಯಿ ತೆರೆದೆ. ಗಾಯತ್ರಿ ನಕ್ಕಳು. ಕಂಪ್ಲಿ ಯಜಮಾನರು ತಿರುಗಿ ಬರುತ್ತಾರೆಂದುಕೊಂಡು ಬೇರೆ ಯಾರಿಗೂ ತೋರಿಸಲೂ ಇಲ್ಲವಂತೆ. "ನಮ್ಮಪ್ಪಗೂ ಇಂಥದ್ದ ಸದ್ದು ಕೇಳಿಸಿತ್ತು ರೀ, ಎಂಟು ವರ್ಷದ ಹಿಂದ. ಶೋರೂಮಿನ್ಯಾಗ, ಹೊಸಾ ಬಂಡ್ಯಾಗ."

ಆಮೇಲೆ ನನ್ನನ್ನು ಹಿಂದೆ ಕೂರಿಸಿಕೊಂಡು ತಾನೇ ಓಡಿಸಿದಳು. ನಾನು ಹುಟ್ಟಿದಾಗಿನಿಂದ ಯಾರ ಹಿಂದೆಯೂ ಕೂತವನಲ್ಲ. ಗುಡ್ಡದ ಏರಿನಲ್ಲಿ, ಲಾರಿ ಎದುರು ಬಂದಾಗ, ಗುಂಡಿ ಬಂದಾಗ ನನ್ನ ಕೈ ತಾನಾಗಿಯೇ ಸೀಟನ್ನು ಎರಡು ಸಲ ತಟ್ಟಿತು. ಅವಳಿಗೇನು ಗೊತ್ತು, ಆರಾಮಾಗಿ ಹೋಗುತ್ತಲೇ ಇದ್ದಳು. ಇಪ್ಪತ್ತು ವರ್ಷ ನೀನು ನನ್ನ ಹಿಂದೆ ಹೀಗೇ ಕೂತಿದ್ದೆ, ಎರಡು ಸಲ ತಟ್ಟಿದ್ದು ಬೆರಳೆಣಿಕೆಯಷ್ಟು. ನಿನಗೆ ನನ್ನ ಮೇಲಿದ್ದ ನಂಬಿಕೆಯ ಕಾಲುಭಾಗವೂ ನನಗೆ ನಿನ್ನ ಮೇಲೆ ಇರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಬೆಲೆಯ ಮಾತನ್ನು ನಿನ್ನವ್ವ ಫೋನಿನಲ್ಲೇ ಮುಗಿಸಿದಳು. ನಾನು ಸಂಡೂರಿನಿಂದ ಮನೆಯವರೆಗೆ ಓಡಿಸಿಕೊಂಡು ಬಂದೆ, ಜೋರು ಮಾಡದೆ. ಹೊಸಪೇಟೆ ದಾಟಿದೆ, ಬಾಳೆತೋಟಗಳ ನಡುವೆ ಬಂದೆ, ಹಂಪಿಯ ಬಂಡೆಗಳು ದೂರದಲ್ಲಿ ಬಿಸಿಲು ಕಾಯಿಸುತ್ತಿದ್ದವು. ಕಾಲುವೆಯ ಹತ್ತಿರ ನಿಲ್ಲಿಸಿ ಇಳಿದು ಹಿಂದೆ ಸರಿದು ನೋಡಿದೆ. ನೀರು, ಗದ್ದೆ, ಬೆಳ್ಳಕ್ಕಿ, ದಂಡೆಯ ಮೇಲೆ ಬಂಡಿ, ಎಲ್ಲ ಕನಸಿನ ಹಾಗೆಯೇ. ಗುನುಗುವವರು ಯಾರು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಸ್ವಲ್ಪ ಹೊತ್ತು ಅತ್ತೆ, ನಿನ್ನವ್ವನಿಗೆ ಹೇಳಬೇಡ. ರಾತ್ರಿ ಬಂಡಿಯ ಕೆಳಗೆ ಹಳೇ ಪೇಪರು ಹಾಸಿದ್ದೆ, ಬೆಳಿಗ್ಗೆ ನೋಡಿದರೆ ಒಂದು ಹನಿ ಎಣ್ಣೆ ಸೋರಿಲ್ಲ. ಗಾಲಿಗೆ ಇಡಲು ಮೂರು ನಿಂಬೆಹಣ್ಣು ತಂದಿಟ್ಟಿದ್ದೇನೆ. ಅವನ್ನು ತುಳಿಸುವುದು ನಿನ್ನ ಕೈಯಿಂದಲೇ ಆಗಬೇಕು.

ಹುಷಾರಾಗಿ ಬಾ. ಬರುವ ರೈಲಿನ ಹೊತ್ತನ್ನು ನಿನ್ನವ್ವನಿಗೆ ಹೇಳು. ಅವಳು ನಿನಗೆ ಆಶೀರ್ವಾದ ತಿಳಿಸಿದ್ದಾಳೆ, ತಲೆಗೆ ಬಟ್ಟೆ ಕಟ್ಟಿಕೋ ಎಂದೂ ಹೇಳಿದ್ದಾಳೆ. ನಿನ್ನ ದಾರಿ ಯಾವತ್ತೂ ನಡುವೆ ನಿಲ್ಲದಿರಲಿ.

ನಿನ್ನ ಅಪ್ಪ,
ಜಂಬುನಾಥ್

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ನಿನ್ನವ್ವ ಬಾಗಿಲಲ್ಲಿ ನಿಂತು ಕವರಿಗೆ ಕೈ ಚಾಚಿದ್ದಾಳೆ. ಒಂದು ಮಾತು ಕೇಳುವುದನ್ನೇ ಮರೆತೆ. ಮೂರನೇ ತಾರೀಖು, ಮೊದಲ ದಿನ ಮಾತ್ರ, ದರೋಜಿಯ ತನಕ ನಾನು ನಿನ್ನ ಹಿಂದಿನ ಸೀಟಿನಲ್ಲಿ ಕೂತು ಬರಲೇ? ತಿರುಗಿ ಬಸ್ಸಿಗೆ ಬರುತ್ತೇನೆ, ಮರುದಿನ ಕೇಳುವುದಿಲ್ಲ. ಬೇಡವೆಂದರೆ ಬೇಡ. ಆದರೆ ಕೂರಿಸಿಕೊಂಡರೆ, ನಿನ್ನಾಣೆ, ಎರಡು ಸಲ ತಟ್ಟುವುದಿಲ್ಲ.