ಮೂರು ಮುದುಕರ ಪಾಳಿ

ಹೊಸ ಬಾಡಿಗೆ ಮನೆಯಿಂದ,
ಹನ್ನೆರಡನೇ ತಾರೀಖು, ಭಾನುವಾರ

ಪ್ರೀತಿಯ ಮಗಳೇ,

ನೀನು ಸೊಸೆ, ಗೊತ್ತು. ಆದರೆ ಪತ್ರದಲ್ಲಿ ಸೊಸೆಯನ್ನು ಏನೆಂದು ಕರೆಯಬೇಕೋ ನನಗೆ ಯಾರೂ ಕಲಿಸಿಲ್ಲ. ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು ದಿನವಿಡೀ ಊರವರ ರಕ್ತ ಪರೀಕ್ಷೆ ಮಾಡುವವಳು ನಿನ್ನದನ್ನೂ ಒಮ್ಮೆ ನೋಡಿಕೋ, ಹೋದ ಸಲ ಬಂದಾಗ ಮುಖ ಬಿಳಿಚಿಕೊಂಡಿತ್ತು. ನಾನು ಗಟ್ಟಿಯಾಗಿದ್ದೇನೆ. ಸೊಂಟದ ಮೂಳೆ ಕೂಡಿಕೊಂಡಿದೆ, ಕೋಲು ಹಿಡಿದು ಓಡಾಡುತ್ತೇನೆ, ಬಾಯಿಗಂತೂ ಏನೂ ಆಗಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಳಲು ಶುರು ಮಾಡುತ್ತೀಯ, ನಾನು 'ಸರಿ ಬಿಡಮ್ಮ' ಅಂದುಬಿಡುತ್ತೇನೆ. ಈ ಸಲ ಹಾಗನ್ನುವುದಿಲ್ಲ ಅಂತಲೇ ಪೆನ್ನು ಹಿಡಿದಿದ್ದೇನೆ.

ತಿಂಗಳ ಕೊನೆಗೆ ರಾಜೀನಾಮೆ ಕೊಟ್ಟು ನನ್ನನ್ನು ನೋಡಿಕೊಳ್ಳಲು ಬರುತ್ತೇನೆ ಅಂದೆಯಲ್ಲ, ಬರಕೂಡದು. ನಾನು ಬಚ್ಚಲಲ್ಲಿ ಜಾರಿ ಬಿದ್ದದ್ದು ನಿಜ, ನೀನು ರಜೆ ಹಾಕಿ ಓಡಿ ಬಂದದ್ದೂ ನಿಜ. ಆದರೆ ನೀನು ಔಷಧಿ ತರಲು ಹೋಗಿದ್ದಾಗ ನನ್ನ ಅಕ್ಕ ಮಂಚದ ಪಕ್ಕ ಕೂತು ಸೇಬು ಹೆಚ್ಚುತ್ತಾ, 'ನಿಂಗೇನೋ ಚಿಂತೆ, ಸೊಸೆ ಇದಾಳಲ್ಲ' ಅಂದಳು. ಮೈಯೆಲ್ಲ ಉರಿದುಹೋಯಿತು. ಸೊಸೆ ಅಂದರೇನು, ನನಗೆ ಬರಬೇಕಾದ ಪಿಂಚಣಿಯೇ? ನನ್ನ ಮಗ ತೀರಿಕೊಂಡು ಐದು ವರ್ಷವಾಯಿತು. ಅವನ ಪಾಲಿನ ಅಪ್ಪನನ್ನು ನೀನು ಹೊರಬೇಕೆಂದು ಅವನೂ ಹೇಳಿ ಹೋಗಿಲ್ಲ, ನಾನೂ ಹೇಳುವುದಿಲ್ಲ.

ಈಗ ನನ್ನ ಏರ್ಪಾಡು ಕೇಳು. ಮೂರನೇ ಮಹಡಿಯ ನಮ್ಮ ಮನೆಯನ್ನು ಬಾಡಿಗೆಗೆ ಕೊಟ್ಟಾಯಿತು. ಬೇಕರಿಯಲ್ಲಿ ನನ್ನ ಜೊತೆ ಭಟ್ಟಿ ಕಾಯುತ್ತಿದ್ದ ರಸ್ಕಣ್ಣ (ಒಣಗಿದ ರಸ್ಕಿನ ಹಾಗೇ ಇದ್ದಾನೆ ಇನ್ನೂ), ನಮ್ಮಿಬ್ಬರಿಗೂ ಕೆಲಸ ಕಲಿಸಿದ ಮೇಸ್ತ್ರಿ, ನಾನು, ಮೂವರೂ ಸೇರಿ ಮೆಟ್ಟಿಲೇ ಇಲ್ಲದ ಈ ಮನೆ ಹಿಡಿದಿದ್ದೇವೆ. ಜೀವಮಾನವೆಲ್ಲ ರಾತ್ರಿ ಪಾಳಿ ಮಾಡಿದವರಿಗೆ ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? ಹಾಗಾಗಿ ಇಲ್ಲೂ ಪಾಳಿ ಹಾಕಿಕೊಂಡಿದ್ದೇವೆ. ಇಬ್ಬರು ಮಲಗಿದರೆ ಒಬ್ಬ ಎಚ್ಚರ. ಯಾರು ಕೆಮ್ಮಿದರೂ ಯಾರು ಬಚ್ಚಲಿಗೆ ಎದ್ದರೂ ಅವನಿಗೆ ಗೊತ್ತಾಗುತ್ತದೆ. ಬೆಳಗಿನ ಮಾತ್ರೆಗೆ ಮೇಸ್ತ್ರಿ ನನ್ನನ್ನು ಎಬ್ಬಿಸುವುದು 'ಏಳೋ, ಬ್ರೆಡ್ಡು ಸೀದು ಹೋಗ್ತಿದೆ' ಅಂತ. ನಾನು ಈಗಲೂ ದಡಬಡಿಸಿ ಏಳುತ್ತೇನೆ.

ಮೊದಲ ವಾರವೇ ಒಂದು ಎಡವಟ್ಟಾಯಿತು. ಮೂರು ಜನಕ್ಕೆ ಎಷ್ಟು ಹಿಟ್ಟು ಬೇಕೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ. ಮೇಸ್ತ್ರಿ ಹಳೇ ರೂಢಿಯಲ್ಲೇ ಈಸ್ಟು ಸುರಿದು ಕಲಸಿದರು. ಹಿಟ್ಟು ಉಬ್ಬಿ ಪಾತ್ರೆ ದಾಟಿ ಕಟ್ಟೆ ಮೇಲೆ ಹರಡಿತು. ಬಿಸಾಡಲು ಯಾರಿಗೂ ಮನಸ್ಸು ಬರಲಿಲ್ಲ, ಅಡುಗೆಮನೆಯ ಪುಟ್ಟ ಓವನ್ನಿನಲ್ಲೇ ಸಂಜೆಯ ತನಕ ಬನ್ನು ಬೇಯಿಸಿ ಇಡೀ ಬೀದಿಗೆ ಹಂಚಿದೆವು. ಮರುವಾರ ಬೀದಿಯವರೇ ಚೀಲ ಹಿಡಿದು, ದುಡ್ಡು ಹಿಡಿದು, ಬಾಗಿಲಿಗೆ ಬಂದರು. ಈಗ ವಾರಕ್ಕೆರಡು ದಿನ ಬೇಯಿಸುತ್ತೇವೆ. ಆ ದುಡ್ಡು ಬಿಪಿ, ಸಕ್ಕರೆ ನೋಡಿಹೋಗುವ ನರ್ಸಮ್ಮನಿಗೆ. ಪಿಂಚಣಿ ಊಟಕ್ಕೆ, ಮೂರನೇ ಮಹಡಿಯ ಮನೆಯಿಂದ ಬರುವ ಬಾಡಿಗೆ ಈ ಮನೆಯ ನನ್ನ ಪಾಲಿನ ಬಾಡಿಗೆಗೆ, ಆರೋಗ್ಯ ವಿಮೆಗೆ. ವಿಮೆಯವನು ಮುರಿದ ಸೊಂಟಕ್ಕೆ ಏನೂ ಸಿಗಲ್ಲ ಅಂದ. ಇನ್ನೊಂದು ಪಕ್ಕ ಗಟ್ಟಿಯಾಗಿದೆ, ಅದಕ್ಕೆ ಮಾಡು ಅಂದೆ.

ಹಾಸಿಗೆ ಹಿಡಿದರೆ ಏನು ಮಾಡುತ್ತೀರಿ ಅಂತ ನೀನು ಕೇಳುತ್ತೀಯ. ನಾವೂ ಕೇಳಿಕೊಂಡಿದ್ದೇವೆ. ಮುದುಕರನ್ನು ನೋಡಿಕೊಳ್ಳುವ ಒಂದು ಮನೆಗೆ ಹೋಗಿ, ಉಂಡು, ಶೌಚಾಲಯದ ಬಾಗಿಲು ತೆಗೆದು ನೋಡಿ ಬಂದಿದ್ದೇವೆ. ಊಟ ಸಪ್ಪೆ, ಆದರೆ ಕೆಲಸದ ಹುಡುಗಿಯರು ಮುದುಕರ ಜೊತೆ ಬಾಯಿತುಂಬ ನಗುತ್ತಾರೆ. ಅಂಥ ಕಾಲ ಬಂದರೆ ಮೂರನೇ ಮಹಡಿಯ ಮನೆ ಮಾರಿ ಅಲ್ಲಿಗೆ ಹೋಗುತ್ತೇನೆ. ನಿನಗೆ ಮನೆ ಉಳಿಯಲಿಕ್ಕಿಲ್ಲ, ಈಗಲೇ ಹೇಳಿಬಿಡುತ್ತೇನೆ. ಹೆದರಿಕೆ ಇಲ್ಲವೇ ಅಂದರೆ ಇದೆ. ನೀನು ಹತ್ತಿರ ಇದ್ದರೆ ಚೆನ್ನ ಅಂತ ದಿನಕ್ಕೆ ಹತ್ತು ಸಲ ಅನ್ನಿಸುತ್ತದೆ. ಅನ್ನಿಸಲಿ. ನನಗೆ ಅನ್ನಿಸಿತು ಅಂತ ನಿನ್ನ ಬದುಕನ್ನು ಬಲಿ ಕೊಡಲು ನಾನು ತಯಾರಿಲ್ಲ. ರಜೆಯಲ್ಲಿ ಬಾ, ಬಿಸಿ ಬನ್ನು ತಿನ್ನು, ನಮ್ಮನ್ನು ಬೈದು ಹೋಗು.

ಮೇಸ್ತ್ರಿ ಆಶೀರ್ವಾದ ಹೇಳಿದ್ದಾರೆ, ರಸ್ಕಣ್ಣ ನೆನಪು ತಿಳಿಸಿದ್ದಾನೆ. ಹೊಟ್ಟೆ ತುಂಬ ಉಣ್ಣು, ತಲೆಯೆತ್ತಿ ನಡೆ, ನೂರು ಕಾಲ ಬಾಳು.

ನಿನ್ನ ಮಾವ

ವಿ. ಸೂ.: ಇದನ್ನು ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ನಿಮ್ಮ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವನು ಹೋದ ವಾರ ಇಲ್ಲಿಗೆ ಬಂದಿದ್ದ. ನಿನಗೆ ಹೇಳದೇ ಬಂದನಂತೆ, ಅವನನ್ನು ಬೈಯಬೇಡ. ಮದುವೆ ಮಾತೆತ್ತಿದರೆ 'ಮಾವ ಇರೋ ತನಕ ಆಗಲ್ಲ' ಅಂದೆಯಂತೆ. ಅವನು ನಿನಗೆ ಇಷ್ಟವಿಲ್ಲದಿದ್ದರೆ ಇಷ್ಟವಿಲ್ಲ ಅನ್ನು, ಅದು ನಿನ್ನ ಮಾತು, ಯಾರೂ ಕೇಳುವ ಹಾಗಿಲ್ಲ. ಇಷ್ಟವಿದ್ದರೆ ನನ್ನ ಹೆಸರು ಅಡ್ಡ ತರಬೇಡ. ನಾನು ಸದ್ಯಕ್ಕೆ ಸಾಯುವವನಲ್ಲ ಮಗಳೇ, ಕಾಯಬೇಡ.