ಟೀಚರ ಚಪ್ಪಲಿ ಬಚ್ಚಿಟ್ಟವಳು ಕಳ್ಳಿಯಲ್ಲ

ಮಾನ್ಯ ಮುಖ್ಯೋಪಾಧ್ಯಾಯರೇ,

ಯುಕೆಜಿಯಲ್ಲಿ ಓದುವ ನನ್ನ ಮೊಮ್ಮಗಳು ಧನ್ಯಶ್ರೀಗೆ ‘ಕಳ್ಳತನದ ಚಾಳಿ’ ಇದೆಯೆಂದು ಹೇಳಿ ಶಾಲೆಯಿಂದ ಹೊರಗಿಟ್ಟಿದ್ದೀರಿ. ಐದು ವರ್ಷದ ಕಳ್ಳಿಯನ್ನು ಹಿಡಿದದ್ದಕ್ಕೆ ಅಭಿನಂದನೆಗಳು. ನಿಮ್ಮ ಕೋಣೆಯಲ್ಲಿ ಕುರ್ಚಿ ಖಾಲಿಯಿದ್ದರೂ ನನಗೆ ಕೂರಿ ಎನ್ನಲಿಲ್ಲ. ಹಾಗಾಗಿ ನಾಲ್ಕು ಜನ ಓದುವಂತೆ ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ತಪ್ಪಿದ್ದರೆ ತಿದ್ದಿ.

ಕಳೆದ ಶ್ರಾವಣದಲ್ಲಿ ನನ್ನ ಸೊಸೆ ರಾಗಿಣಿ ಜ್ವರವೆಂದು ಆಸ್ಪತ್ರೆಗೆ ಹೊರಟಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಮಗಳಿಗೆ, "ಬೇಗ ಬಂದ್ಬಿಡ್ತೀನಿ ಕಣೇ, ಅಜ್ಜಿಗೆ ಕಾಟ ಕೊಡ್ಬೇಡ" ಎಂದಳು. ಮನೆಗೆ ಬಂದದ್ದು ಅವಳ ದೇಹ. ಅಂದಿನಿಂದ ನಮ್ಮ ಹೊಸಿಲಾಚೆ ಬಿಟ್ಟ ಚಪ್ಪಲಿ ಅಲ್ಲಿ ಉಳಿಯುವುದಿಲ್ಲ. ನನ್ನ ಮಗನ ಬೂಟು ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಮಗುವಿಗೆ ಕಲ್ಲುಸಕ್ಕರೆ ಕೊಡುವ ಪುರೋಹಿತರು ಮಾಸಿಕ ಮುಗಿಸಿ, ಬರಿಗಾಲಲ್ಲಿ ಬಿಸಿ ಡಾಂಬರಿನ ಮೇಲೆ ಕುಣಿಯುತ್ತಾ ಆಟೋ ಹತ್ತಿದರು. ನಾನು ಗದರಿದಾಗ ಮಗು ಕೇಳಿತು: "ಚಪ್ಪಲಿ ಇಲ್ದಿದ್ರೆ ಹೋಗಕ್ಕಾಗಲ್ಲ ಅಲ್ವಾ ಅಜ್ಜಿ?"

ಚಾಪೆ ಹಾಸಿದ ತರಗತಿಯ ಹೊರಗೆ ಕುಸುಮಾ ಟೀಚರು ಬಿಟ್ಟಿದ್ದ ಚಪ್ಪಲಿಯನ್ನು ಅವಳು ಮರಳಲ್ಲಿ ಹೂತಿಟ್ಟಳು, ನಿಜ. "ಯಾವತ್ತು ಸಾರ್?" ಎಂದು ಕೇಳಿದೆ. "ಯಾವತ್ತಾದ್ರೇನಮ್ಮಾ? ತಾಯಿ ಇಲ್ಲದ ಮಕ್ಳು ಹಾಳಾಗೋದೇ ಹೀಗೆ" ಎಂದಿರಿ. ದಿನ ಯಾವುದೆಂದು ನಾನೇ ಹೇಳುತ್ತೇನೆ. "ನಾಳೆಯಿಂದ ಈ ಮಿಸ್ ಬರಲ್ಲ, ಬೇರೆ ಮಿಸ್ ಬರ್ತಾರೆ" ಎಂದು ನಿಮ್ಮ ಆಯಾ ಮಕ್ಕಳಿಗೆ ಹೇಳಿದ ದಿನ. ಕದಿಯುವ ಚಾಳಿಯಿದ್ದರೆ ಅಲ್ಲಿ ಚಪ್ಪಲಿಗಳಿಗೇನು ಬರವೇ? ಪ್ರಾರ್ಥನೆಯ ಹೊತ್ತಿಗೆ ನಿಮ್ಮ ಬೂಟೂ ದಿನವೂ ಹೊರಗಿರುತ್ತದೆ. ಅದನ್ನು ಅವಳು ಒಮ್ಮೆಯೂ ಮುಟ್ಟಿಲ್ಲ. ಏಕೆಂದು ಬಿಡುವಾದಾಗ ಯೋಚಿಸಿ.

ನಿಮ್ಮ ಗುಮಾಸ್ತರು ತಮ್ಮ ತಂದೆ ತೀರಿಕೊಂಡಾಗ ಫೀಸು ಕಟ್ಟಲು ಬಂದವರ ಮೇಲೆಲ್ಲ ತಿಂಗಳುಗಟ್ಟಲೆ ರೇಗಿದರು. ಪಾಪ, ದುಃಖದಲ್ಲಿದ್ದಾರೆ ಎಂದು ನಾವೆಲ್ಲ ಸಹಿಸಿದೆವು. ಐದು ವರ್ಷದವಳ ದುಃಖಕ್ಕೆ ಮಾತ್ರ ಶಿಸ್ತುಕ್ರಮವೇ? ದೊಡ್ಡವರಂತೆ ಗೋಡೆಗೊರಗಿ ಅತ್ತಿದ್ದರೆ ನಿಮಗೆ ಅರ್ಥವಾಗುತ್ತಿತ್ತೇನೋ. ಅವಳಿಗೆ ಹಾಗೆ ಅಳಲು ಬರುವುದಿಲ್ಲ.

ಸೋಮವಾರ ಮಗುವನ್ನು ಕರೆತರುತ್ತೇನೆ. ಕಳ್ಳಿ ಎಂಬ ಮಾತನ್ನು ಅವಳ ಎದುರಿಗೇ ಹಿಂತೆಗೆದುಕೊಳ್ಳಿ. ಹೆರಿಗೆ ರಜೆಯಲ್ಲಿರುವ ಕುಸುಮಾ ಟೀಚರಿಗೆ ಫೋನ್ ಮಾಡಿ ಅವಳೊಡನೆ ಮಾತಾಡಿಸಿ. ಏಕೆ ಹೋದರು, ಎಂದು ಬರುತ್ತಾರೆ, ಅವರ ಬಾಯಿಂದಲೇ ಕೇಳಲಿ. ಹೋದವರಲ್ಲಿ ಒಬ್ಬರಾದರೂ ತಿರುಗಿ ಬರುತ್ತಾರೆಂದು ಆ ಮಗುವಿಗೆ ಗೊತ್ತಾಗಲಿ.

ಇಂತಿ,
ಅಜ್ಜಿಯಾಗಿ ಹಾಯಾಗಿರಬೇಕೆಂದುಕೊಂಡಿದ್ದ
ವತ್ಸಲಾ, ವಿಜಯನಗರ